ಗಾಳದ ರೀಲು, ಕಡಲಿನ ಉಪ್ಪು

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಮಾಡ್ತಿರೋದು ಸಾಫ್ಟ್‌ವೇರ್. ಬೆಂಗಳೂರಿನಲ್ಲಿ ಇಂಥವರು ಬೀದಿಗೆ ಹತ್ತು ಜನ ಸಿಗ್ತಾರೆ, ಅದರಲ್ಲೇನೂ ವಿಶೇಷ ಇಲ್ಲ. ಆದರೆ ನೆಂಟರ ಲೆಕ್ಕದಲ್ಲಿ ನಾನು ಈಗಲೂ 'ಮಿಷನ್ನು ಓದಿದವನು'. ಮಿಕ್ಸಿ ಕೆಟ್ಟರೂ ಫೋನ್ ನನಗೇ, ಪಂಪ್‌ಸೆಟ್ ಕೆಟ್ಟರೂ ನನಗೇ.

ಹೋದ ತಿಂಗಳು ಕುಂದಾಪುರದಿಂದ ಭಾವ ಫೋನ್ ಮಾಡಿದ್ದರು. ಅವರಿಗೆ ರಜೆ ಸಿಕ್ಕರೆ ಸಾಕು, ಗಾಳ ಹಿಡಿದುಕೊಂಡು ಕಡಲ ಬಂಡೆ ಮೇಲೆ ಕೂರುವ ಹುಚ್ಚು. ಯಾರೋ ವಿದೇಶದಲ್ಲಿರುವ ಗೆಳೆಯ ಒಂದು ಜಪಾನಿ ರೀಲಿನ ಫೋಟೋ, ಬೆಲೆ ಎರಡನ್ನೂ ಕಳಿಸಿದ್ದಾನೆ. ಸಾವಿರ ಡಾಲರಿಗೂ ಮೇಲೆ! "ಅಲ್ದಾ ಮಾರಾಯ, ಒಂದ್ ರೀಲಿಗೆ ಇಷ್ಟ್ ದುಡ್ಡಾ? ಇದ್ರೊಳ್ಗ್ ಎಂತ ಇತ್ತ್?" ಅಂತ ಅವರ ಪ್ರಶ್ನೆ.

ಪ್ರಶ್ನೆ ನ್ಯಾಯವಾಗಿಯೇ ಇದೆ. ಒಳ್ಳೆಯ ಸೆಕೆಂಡ್ ಹ್ಯಾಂಡ್ ಬೈಕು ಬರುವ ದುಡ್ಡಿಗೆ ಅಂಗೈಯಗಲದ ಒಂದು ರಾಟೆ ಯಾಕೆ ಕೊಳ್ಳಬೇಕು? ಉತ್ತರ ಹುಡುಕುತ್ತಾ ಹೋದವನು ನೇರ ಇತಿಹಾಸದೊಳಗೆ ಹೋಗಿ ಬಿದ್ದೆ. ಒಂದೆರಡು ವಾರಾಂತ್ಯ ಅದರಲ್ಲೇ ಕಳೆಯಿತು. ಈ ಪುಟ್ಟ ಯಂತ್ರದ ಒಳಗಿರುವ ಒಂದೊಂದು ಭಾಗಕ್ಕೂ ಒಂದೊಂದು ಕಥೆ ಇದೆ. ಆ ಕಥೆ ಗೊತ್ತಾದರೆ ಯಾವ ರೀಲು ಕೊಳ್ಳಬೇಕು, ಕೊಂಡದ್ದನ್ನು ಹೇಗೆ ನೋಡ್ಕೋಬೇಕು ಅನ್ನೋದು ಯಾರೂ ಹೇಳಿಕೊಡದೇ ಅರ್ಥ ಆಗುತ್ತೆ. ಮೀನು ತಿನ್ನದ ಓದುಗರೂ ಧೈರ್ಯವಾಗಿ ಮುಂದೆ ಓದಬಹುದು, ಇಲ್ಲಿ ಮೀನಿಗಿಂತ ತುಕ್ಕಿನ ವಿಷಯವೇ ಜಾಸ್ತಿ :)

ಮೊದಲಿಗೆ ರೀಲು ಅಂದ್ರೆ ಏನು? ದಾರ ಸುತ್ತಿಡುವ ಉರುಳೆ, ಅಷ್ಟೇ. ಗಾಳಿಪಟ ಹಾರಿಸುವವರ ಕೈಯಲ್ಲಿರುವುದೂ ಅದೇ. ಚೀನಾದ ಸಾಂಗ್ ಕಾಲದ ಚಿತ್ರಕಾರ ಮಾ ಯುಆನ್ 1195ರ ಸುಮಾರಿಗೆ ಬರೆದ ಒಂದು ಚಿತ್ರದಲ್ಲಿ, ಚಳಿಗಾಲದ ಸರೋವರದ ನಡುವೆ ದೋಣಿಯಲ್ಲಿ ಒಬ್ಬ ಮುದುಡಿಕೊಂಡು ಕೂತಿದ್ದಾನೆ. ಅವನ ಗಾಳದ ಕೋಲಿಗೆ ಒಂದು ಸಣ್ಣ ಚಕ್ರ ಇದೆ. ರೀಲಿನ ಅತ್ಯಂತ ಹಳೆಯ ಚಿತ್ರಗಳಲ್ಲಿ ಇದೊಂದು ಅಂತಾರೆ. ಇಂಗ್ಲಿಷಿನಲ್ಲಿ ರೀಲಿನ ಮಾತು ಬರುವುದು 1651ರಲ್ಲಿ, ಥಾಮಸ್ ಬಾರ್ಕರ್ ಅನ್ನುವವನು ಗಾಳದ ಬಗ್ಗೆ ಬರೆದ ಪುಸ್ತಕದಲ್ಲಿ. ಅಲ್ಲಿಂದ ಮುಂದೆ ಇನ್ನೂರು ವರ್ಷ ಬಹುಪಾಲು ಹೊಳೆ, ಕೆರೆ, ಸಿಹಿನೀರಿನ ಕಥೆಯೇ.

ಬ್ರಿಟಿಷರು ಈ ಗೀಳನ್ನು ನಮ್ಮ ಕಡೆಗೂ ತಂದರು. ಭಾರತದಲ್ಲಿ ಗಾಳ ಹಾಕುವುದರ ಬಗ್ಗೆ ತುಂಬಾ ಹೆಸರಾದ ಇಂಗ್ಲಿಷ್ ಪುಸ್ತಕ 'ದಿ ರಾಡ್ ಇನ್ ಇಂಡಿಯಾ'. ಅದನ್ನು ಬರೆದ ಹೆನ್ರಿ ಸಲಿವನ್ ಥಾಮಸ್ ಆಗಿನ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವನು. ಪುಸ್ತಕ ಮೊದಲು ಅಚ್ಚಾಗಿದ್ದು 1873ರಲ್ಲಿ, ನಮ್ಮ ಮಂಗಳೂರಿನಲ್ಲೇ! ಅವನ ಮುಖ್ಯ ಮೋಹ ಹೊಳೆಯ ಮಹಶೀರ್ ಮೀನಿನ ಮೇಲೆ. ಆದರೆ ಕಡಲು ಬೇರೆಯೇ ಆಟ.

ಕಡಲಿಗೆ ಬರುವ ಮುಂಚೆ ಒಬ್ಬ ವಾಚ್ ರಿಪೇರಿಯವನನ್ನು ನೆನೆಯಬೇಕು. ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಪ್ಯಾರಿಸ್ ಅಂತ ಒಂದು ಊರಿದೆ. ಅಲ್ಲಿ ಗಡಿಯಾರ, ಬೆಳ್ಳಿ ಕೆಲಸ ಮಾಡಿಕೊಂಡಿದ್ದ ಜಾರ್ಜ್ ಸ್ನೈಡರ್ 1820ರ ಹೊತ್ತಿಗೆ ಹಲ್ಲುಚಕ್ರದ ರೀಲು ಮಾಡಿದ. ಹಿಡಿ ಒಂದು ಸುತ್ತು ತಿರುಗಿಸಿದರೆ ಸ್ಪೂಲು ಹಲವು ಸುತ್ತು ತಿರುಗುತ್ತೆ. ಗೇರು ಹಾಕಿದ ರೀಲು ಇಂಗ್ಲೆಂಡಿನಲ್ಲಿ ಮೊದಲೇ ಇದ್ದರೂ, ಗಡಿಯಾರದ ನಾಜೂಕು ಅದಕ್ಕೆ ಬಂದದ್ದು ಕೆಂಟಕಿಯಲ್ಲಿ. ಅವನ ನಂತರ ಮೀಕ್ ಸಹೋದರರು ಇದನ್ನು ಇನ್ನೂ ನಯ ಮಾಡಿದರು. ಹಿಡಿಯ ಒಂದು ಸುತ್ತಿಗೆ ಸ್ಪೂಲಿನ 4 ಸುತ್ತು ಅನ್ನುವುದು ರೂಢಿಯಾಯಿತು. ಇವತ್ತು ರೀಲಿನ ಡಬ್ಬದ ಮೇಲೆ 'ಗೇರ್ ರೇಶಿಯೋ' ಅಂತ ಬರೆದಿರುತ್ತಲ್ಲ, ಅದರ ಮೂಲಪುರುಷರು ಈ ವಾಚ್ ರಿಪೇರಿಯವರು.

ಆದರೆ ಗೇರಿಗೆ ಒಂದು ಗುಣ ಇದೆ. ನಾವು ಹಿಡಿ ತಿರುಗಿಸಿದರೆ ಸ್ಪೂಲು ತಿರುಗುತ್ತೆ ಸರಿ, ಮೀನು ದಾರ ಎಳೆದರೆ? ಸ್ಪೂಲು ತಿರುಗಿ ಹಿಡಿಯೇ ಉಲ್ಟಾ ಸುತ್ತುತ್ತೆ. ಹೊಳೆಯ ಎರಡು ಕಿಲೋ ಮೀನಿಗೆ ಇದೇನೂ ತೊಂದರೆ ಅಲ್ಲ. ಎಂಬತ್ತು ಕಿಲೋದ ಟ್ಯೂನಾ ಎಳೆದರೆ ಏನಾಗುತ್ತೆ ಅಂತ ಜನಕ್ಕೆ ಗೊತ್ತಾಗಿದ್ದು ಕ್ಯಾಲಿಫೋರ್ನಿಯಾದ ಕ್ಯಾಟಲೀನಾ ದ್ವೀಪದಲ್ಲಿ.

1898ರ ಜೂನ್‌ನಲ್ಲಿ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಎಂಬ ಲೇಖಕ ಈ ದ್ವೀಪದ ಆವಲಾನ್ ಊರಿನ ಹತ್ತಿರ, ಕೋಲು ಮತ್ತು ರೀಲು ಹಿಡಿದು 183 ಪೌಂಡಿನ, ಅಂದ್ರೆ ಸುಮಾರು 83 ಕಿಲೋದ ಟ್ಯೂನಾ ಹಿಡಿದ. ಅಲ್ಲಿಯವರೆಗೂ ಜನ ಅಲ್ಲಿ ದಪ್ಪ ಹಗ್ಗದಂಥ ಕೈದಾರಗಳಲ್ಲಿ ಬೇಕಾದಷ್ಟು ಮೀನು ಎಳೆದು ದಡಕ್ಕೆ ರಾಶಿ ಹಾಕಿ ಕೊಳೆಸುತ್ತಿದ್ದರು. ಹೋಲ್ಡರಿಗೆ ಅದು ಸಹಿಸಲಾಗಲಿಲ್ಲ. ಅದೇ ವರ್ಷ ಗೆಳೆಯರನ್ನು ಸೇರಿಸಿ 'ಟ್ಯೂನಾ ಕ್ಲಬ್' ಕಟ್ಟಿದ. ಹಗುರ ಕೋಲು, ತೆಳು ದಾರದಲ್ಲೇ ಹಿಡಿಯಬೇಕು, ಮೀನಿಗೂ ತಪ್ಪಿಸಿಕೊಳ್ಳಲು ಒಂದು ಅವಕಾಶ ಇರಬೇಕು ಅನ್ನುವುದು ಅವರ ನಿಯಮ. ಯೋಚನೆ ದೊಡ್ಡದೇ. ಆದರೆ ರೀಲು ಮಾತ್ರ ಇನ್ನೂ ಹಳೆಯದೇ ಇತ್ತು.

ಬಾವಿಯಲ್ಲಿ ನೀರು ಸೇದಿದವರಿಗೆ ಹೇಳಬೇಕಾಗಿಲ್ಲ. ತುಂಬಿದ ಕೊಡ ಕೈತಪ್ಪಿದರೆ ಹಗ್ಗ ಅಂಗೈ ಸುಟ್ಟುಕೊಂಡು ಓಡುತ್ತೆ, ಅದನ್ನು ಮತ್ತೆ ಹಿಡಿಯೋದು ಅಂದ್ರೆ ಚರ್ಮ ಕೊಟ್ಟು ಹಿಡಿದಂಗೆ. ಆಗಿನ ಕಡಲ ರೀಲಿನಲ್ಲಿ ತಡೆ ಅಂದ್ರೆ ಒಂದು ತುಂಡು ಚರ್ಮ. ಓಡುವ ಸ್ಪೂಲಿನ ಮೇಲೆ ಆ ಚರ್ಮವನ್ನು ಹೆಬ್ಬೆರಳಿನಿಂದ ಒತ್ತಬೇಕು. ಅದೇ ಹೊತ್ತಿಗೆ ಹಿಡಿ ಫ್ಯಾನಿನ ರೆಕ್ಕೆಯ ಹಾಗೆ ಉಲ್ಟಾ ಸುತ್ತುತ್ತಾ ಇರುತ್ತೆ. ಅದಕ್ಕೆ ಬೆರಳು ಸಿಕ್ಕರೆ ಗೆಣ್ಣು ಮುರಿಯೋದೇ. ಆ ರೀಲುಗಳಿಗೆ 'ಗೆಣ್ಣು ಮುರುಕ' ಅನ್ನುವ ಅರ್ಥದ ಅಡ್ಡಹೆಸರೇ ಇತ್ತು.

ಇನ್ನು ದಾರದ ಕಥೆ. ಆಗ ನೈಲಾನ್ ಇಲ್ಲ. ಲಿನನ್, ಅಂದ್ರೆ ಅಗಸೆ ನಾರಿನ ದಾರ. ಎಷ್ಟು ಎಳೆ ಹೊಸೆದಿದ್ದಾರೆ ಅನ್ನುವುದರ ಮೇಲೆ ಅದರ ಲೆಕ್ಕ. 24 ಎಳೆಯ ದಾರ ಸುಮಾರು 30 ಕಿಲೋ ತಾಳುತ್ತಿತ್ತು. ಒದ್ದೆಯಾದರೆ ಲಿನನ್ ಇನ್ನೂ ಗಟ್ಟಿ, ಅದೊಂದು ಒಳ್ಳೆಯದು. ಆದರೆ ಒದ್ದೆಯಾಗಿಯೇ ಸ್ಪೂಲಿನಲ್ಲಿ ಬಿಟ್ಟರೆ ಕೊಳೆತು ಹೋಗುತ್ತೆ. ಹಾಗಾಗಿ ಪ್ರತಿದಿನ ಸಂಜೆ ದೋಣಿ ಇಳಿದ ಮೇಲೆ ನೂರಾರು ಗಜ ದಾರವನ್ನೂ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ದೊಡ್ಡ ಚೌಕಟ್ಟಿಗೆ ಸುತ್ತಿ ಒಣಗಿಸಿ, ಬೆಳಗ್ಗೆ ಮತ್ತೆ ರೀಲಿಗೆ ತುಂಬಬೇಕು. ರೀಲಿನ ಆರೈಕೆ ಅಂದ್ರೆ ಆಗ ಇದು. ಇವತ್ತು ರೀಲು ತೊಳೆಯೋಕೆ ಸೋಮಾರಿತನ ಮಾಡುವವರು ಇದನ್ನೊಮ್ಮೆ ಕಲ್ಪಿಸಿಕೊಳ್ಳಬೇಕು.

ಈ ಗೆಣ್ಣು ಮುರುಕ ಯುಗಕ್ಕೆ ಅಂತ್ಯ ಹಾಡಿದವನು ವಿಲಿಯಂ ಬೋಶನ್. ಇವನೂ ಟ್ಯೂನಾ ಕ್ಲಬ್ಬಿನವನೇ. ರೀಲಿನ ಒಳಗೇ ಜಾರುವ ತಡೆ ಇಟ್ಟರೆ ಹೇಗೆ ಅಂತ ಯೋಚಿಸಿ, ಆ ಕಲ್ಪನೆಯನ್ನು ಬ್ರೂಕ್ಲಿನ್‌ನ ರೀಲು ತಯಾರಕ ಜೂಲಿಯಸ್ ವಾಮ್ ಹೋಫ್‌ಗೆ ಕೊಟ್ಟ. ಆತ ಕಟ್ಟಿದ ರೀಲಿಗೆ 'ಬಿ-ಓಶನ್' ಅಂತ ಹೆಸರು. ಬೋಶನ್ ಹೆಸರಿನ ಮೇಲೆ ಶ್ಲೇಷೆ ನೋಡಿ! 1913ರಲ್ಲಿ ಆ ರೀಲಿನಲ್ಲೇ ಬೋಶನ್ 355 ಪೌಂಡಿನ, ಅಂದ್ರೆ ಸುಮಾರು 161 ಕಿಲೋದ ಕತ್ತಿಮೀನು ಹಿಡಿದ. ಕೋಲು-ರೀಲಿನಲ್ಲಿ ಕತ್ತಿಮೀನು ಸಿಕ್ಕಿದ್ದು ಅದೇ ಮೊದಲು ಅಂತ ದಾಖಲೆ.

ಇದಕ್ಕೆ 'ಡ್ರ್ಯಾಗ್' ಅಂತಾರೆ. ಕಾರಿನ ಕ್ಲಚ್ ಪ್ಲೇಟ್ ನೋಡಿದವರಿಗೆ ತಟ್ಟನೆ ಅರ್ಥ ಆಗುತ್ತೆ. ಒಂದರ ಮೇಲೊಂದು ವಾಷರುಗಳು. ಲೋಹದ್ದು ಒಂದು, ಚರ್ಮದ್ದು ಒಂದು, ಮತ್ತೆ ಲೋಹ, ಮತ್ತೆ ಚರ್ಮ. ಲೋಹದ ವಾಷರುಗಳಲ್ಲಿ ಕೆಲವು ಗೇರಿಗೆ ಕಚ್ಚಿಕೊಂಡಿರುತ್ತವೆ, ಕೆಲವು ಹಿಡಿಯ ದಂಡಕ್ಕೆ. ಹಿಡಿಯ ಬುಡದಲ್ಲಿ ನಕ್ಷತ್ರದಾಕಾರದ ಒಂದು ತಿರುಪು. ಅದನ್ನು ಬಿಗಿ ಮಾಡಿದಷ್ಟೂ ವಾಷರುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಮೀನು ಅದಕ್ಕಿಂತ ಹೆಚ್ಚು ಬಲ ಹಾಕಿದಾಗ ಮಾತ್ರ ಜಾರಿ ದಾರ ಬಿಟ್ಟುಕೊಡುತ್ತವೆ. ಹಿಡಿ ಮಾತ್ರ ಹಿಂದಕ್ಕೆ ತಿರುಗುವುದೇ ಇಲ್ಲ. ನೂರಕ್ಕೂ ಹೆಚ್ಚು ವರ್ಷ ಆಯ್ತು, ಇವತ್ತಿನ ರೀಲಿನಲ್ಲೂ ತತ್ವ ಇದೇ. ಚರ್ಮದ ಜಾಗಕ್ಕೆ ಕಾರ್ಬನ್ ಫೈಬರ್ ಬಂದಿದೆ ಅಷ್ಟೇ.

ಚರ್ಮ ಯಾಕೆ ಹೋಯಿತು? ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ (ಇಂಜಿನಿಯರಿಂಗ್ ಓದಿದ ಋಣ ಎಲ್ಲಾದರೂ ತೀರಬೇಕಲ್ಲ!). ಡ್ರ್ಯಾಗನ್ನು 10 ಕಿಲೋ ಎಳೆತಕ್ಕೆ ಹೊಂದಿಸಿದ್ದೀರಿ, ಮೀನು 200 ಮೀಟರ್ ಓಡಿತು ಅಂದುಕೊಳ್ಳಿ. ಬಲವನ್ನು ದೂರದಿಂದ ಗುಣಿಸಿದರೆ ಸುಮಾರು 20,000 ಜೂಲ್. ಇದೆಲ್ಲ ಎಲ್ಲಿ ಹೋಗುತ್ತೆ? ವಾಷರುಗಳಲ್ಲಿ ಶಾಖ ಆಗುತ್ತೆ. ಬೈಟು ಕಾಫಿಯ ಲೋಟದಷ್ಟು, ಅಂದ್ರೆ 60 ಮಿಲಿ ತಣ್ಣೀರನ್ನು ಕುದಿ ಬರಿಸುವಷ್ಟು ಶಾಖ. ಮೀನು 20 ಸೆಕೆಂಡಿನಲ್ಲಿ ಈ ಓಟ ಮುಗಿಸಿದರೆ ಅದು ಒಂದು ಕಿಲೋವ್ಯಾಟ್, ಹೆಚ್ಚೂ ಕಮ್ಮಿ ಒಂದು ಇಸ್ತ್ರಿ ಪೆಟ್ಟಿಗೆ. ನಾಲ್ಕಾಣೆ ಅಗಲದ ವಾಷರುಗಳ ನಡುವೆ ಇಸ್ತ್ರಿ ಪೆಟ್ಟಿಗೆ ಇಟ್ಟರೆ ಚರ್ಮ ಒಣಗಿ ಗಟ್ಟಿಯಾಗದೇ ಏನಾಗುತ್ತೆ? ಗಟ್ಟಿಯಾದ ಚರ್ಮ ನಯವಾಗಿ ಜಾರುವುದಿಲ್ಲ, ಕಚ್ಚಿ ಕಚ್ಚಿ ಬಿಡುತ್ತೆ. ಒಂದು ಸಲ ಕಚ್ಚಿದರೂ ಸಾಕು, ದಾರ ಪಟ್ ಅಂತ ತುಂಡು. ದುಬಾರಿ ರೀಲಿನ ಬೆಲೆಯಲ್ಲಿ ಒಂದು ದೊಡ್ಡ ಪಾಲು ಈ 'ನಯವಾಗಿ ಜಾರುವ' ಗುಣಕ್ಕೇ ಹೋಗೋದು. ಜಾಹೀರಾತಿನಲ್ಲಿ ಮಾತ್ರ 'ಗರಿಷ್ಠ ಡ್ರ್ಯಾಗ್ ಇಷ್ಟು ಕಿಲೋ' ಅಂತ ದಪ್ಪಕ್ಷರದಲ್ಲಿ ಹಾಕಿರುತ್ತಾರೆ.

ಇನ್ನೊಂದು ಲೆಕ್ಕವೂ ಇದೆ. ಸ್ಪೂಲಿನಲ್ಲಿ ದಾರ ತುಂಬಿರುವಾಗ ಅದರ ವ್ಯಾಸ 6 ಸೆಂಟಿಮೀಟರ್ ಇರಲಿ. ಮೀನು ದಾರ ಎಳೆದುಕೊಂಡು ಹೋಗಿ ವ್ಯಾಸ 3 ಸೆಂಟಿಮೀಟರಿಗೆ ಇಳಿಯಿತು ಅನ್ನಿ. ನೀವು ತಿರುಪು ಮುಟ್ಟದಿದ್ದರೂ ಅದೇ ಡ್ರ್ಯಾಗು ಈಗ ದಾರದ ಮೇಲೆ ಎರಡು ಪಟ್ಟು ಬಲ ಹಾಕುತ್ತೆ! ಜೊತೆಗೆ ನೀರಿನಲ್ಲಿ ಬಿಲ್ಲಿನಂತೆ ಬಾಗಿದ ಉದ್ದನೆಯ ದಾರದ ಎಳೆತ ಬೇರೆ. ಅದಕ್ಕೇ ಅನುಭವಿಗಳು ದಾರದ ತಾಕತ್ತಿನ ಮೂರನೇ ಒಂದು ಅಥವಾ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಬಿಗಿ ಮಾಡಬೇಡಿ ಅನ್ನೋದು. ಹಿರಿಯರ ಮಾತಿನ ಹಿಂದೆ ಶುದ್ಧ ಗಣಿತ ಇದೆ.

ಸರಿ, ಘರ್ಷಣೆಯ ಸಮಸ್ಯೆಗೆ ಒಂದು ದಾರಿ ಸಿಕ್ಕಿತು. ಉಪ್ಪು?

ವಾಮ್ ಹೋಫ್ ಕಾಲದ ಕಡಲ ರೀಲುಗಳ ಫೋಟೋ ನೋಡಿದರೆ ಆಭರಣದ ಹಾಗಿವೆ. ಕಪ್ಪು ಎಬೊನೈಟಿನ ಪಕ್ಕೆ, ಅದಕ್ಕೆ ಜರ್ಮನ್ ಸಿಲ್ವರಿನ ಉಂಗುರ. ಎಬೊನೈಟ್ ಅಂದ್ರೆ ಗಂಧಕ ಹೆಚ್ಚಾಗಿ ಹಾಕಿ ಗಟ್ಟಿ ಮಾಡಿದ ರಬ್ಬರ್. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಒಂದು ಗುಂಜಿಯೂ ಇಲ್ಲ, ಅದು ತಾಮ್ರ, ಸತು, ನಿಕ್ಕಲ್ ಸೇರಿದ ಮಿಶ್ರಲೋಹ. ಎರಡನ್ನೂ ಆರಿಸಿದ್ದು ಚಂದಕ್ಕಷ್ಟೇ ಅಲ್ಲ, ಉಪ್ಪುನೀರಿಗೆ ಬೇಗ ಜಗ್ಗುವುದಿಲ್ಲ ಅಂತ. ಕಬ್ಬಿಣ ಹಾಕಿದ್ದರೆ ಒಂದೇ ಮಳೆಗಾಲಕ್ಕೆ ಮುಗೀತಿತ್ತು.

ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತೆ. ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಅದರಲ್ಲಿ ನೆನೆದರೆ ಅದೇ ಒಂದು ಬ್ಯಾಟರಿ! ಒಂದು ಲೋಹ ಕರಗುತ್ತಾ ಹೋಗುತ್ತೆ, ಇನ್ನೊಂದು ಹಾಯಾಗಿರುತ್ತೆ. ಇದನ್ನು ಹಂಫ್ರಿ ಡೇವಿ 1824ರಲ್ಲೇ ಬಳಸಿಕೊಂಡಿದ್ದ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊಡೆದ ತಾಮ್ರದ ತಗಡು ಸವೆಯುತ್ತಿತ್ತು. ಡೇವಿ ಅದಕ್ಕೆ ಕಬ್ಬಿಣ, ಸತುವಿನ ತುಂಡು ಜೋಡಿಸಿದ. ಅವು ತಾವು ಕರಗಿ ತಾಮ್ರವನ್ನು ಉಳಿಸಿದವು. ತಮಾಷೆ ಏನಂದ್ರೆ, ತಾಮ್ರ ಕರಗುವುದು ನಿಂತ ಮೇಲೆ ಅದರ ವಿಷವೂ ನಿಂತು, ಹಡಗಿನ ತಳಕ್ಕೆ ಚಿಪ್ಪು, ಪಾಚಿ ಮೆತ್ತಿಕೊಂಡು ಹಡಗು ನಿಧಾನ ಆಯ್ತು. ಒಂದು ಬಗ್ ಸರಿ ಮಾಡಿದರೆ ಇನ್ನೊಂದು ಹುಟ್ಟುವುದು ನಮ್ಮ ಸಾಫ್ಟ್‌ವೇರಿನವರ ಪೇಟೆಂಟ್ ಅಲ್ಲ ಅಂತಾಯ್ತು :)

ಇವತ್ತಿನ ರೀಲಿನಲ್ಲಿ ಈ ಬ್ಯಾಟರಿ ಎಲ್ಲಿದೆ ಗೊತ್ತೇ? ಅಲ್ಯೂಮಿನಿಯಂ ಮೈಗೆ ಹೊಡೆದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳಲ್ಲಿ. ಸ್ಕ್ರೂ ಫಳಫಳ ಅಂತಿರುತ್ತೆ, ಅದರ ಸುತ್ತ ಅಲ್ಯೂಮಿನಿಯಂ ಬೆಳ್ಳಗೆ ಪುಡಿಪುಡಿಯಾಗಿರುತ್ತೆ. ಹಾಗಿದ್ದೂ ಕಡಲ ರೀಲಿಗೆ ಅಲ್ಯೂಮಿನಿಯಂ ಬಂದದ್ದು ಹೇಗೆ? ಇದಕ್ಕೆ ವಿಮಾನಗಳಿಗೆ ನಮಸ್ಕಾರ ಹೇಳಬೇಕು. 1923ರಲ್ಲಿ ಬ್ರಿಟನ್ನಿನಲ್ಲಿ, ನೀರಿನ ಮೇಲೆ ಇಳಿಯುವ ವಿಮಾನಗಳ ಡ್ಯುರಾಲುಮಿನ್ ಭಾಗಗಳನ್ನು ಕಡಲಿನಿಂದ ಕಾಪಾಡಲು ಒಂದು ವಿಧಾನ ಬಳಕೆಗೆ ಬಂತು. ಲೋಹವನ್ನು ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ಮೇಲೆ ಗಟ್ಟಿಯಾದ ಆಕ್ಸೈಡ್ ಪದರ ಕೂರುತ್ತೆ. ಇದೇ ಆನೊಡೈಸಿಂಗ್. ಇವತ್ತು ದುಬಾರಿ ರೀಲುಗಳು ಬಂಗಾರದ ಬಣ್ಣ, ಕಪ್ಪು ಬಣ್ಣ ಅಂತ ಮಿಂಚುತ್ತವಲ್ಲ, ಆ ಬಣ್ಣ ಕೂತಿರುವುದು ಈ ಪದರದೊಳಗೆ. ಹಾಗಾಗಿ ಅದರ ಮೇಲಿನ ಒಂದು ಆಳವಾದ ಗೀರು ಅಂದ್ರೆ ಬಾಗಿಲು ತೆರೆದಂತೆ. ಉಪ್ಪು ಅಲ್ಲಿಂದಲೇ ಒಳಗೆ ಹೋಗುತ್ತೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಶ್ರೀಮಂತರ ರೀಲುಗಳ ಕಥೆ. ಜನಸಾಮಾನ್ಯರ ಕೈಗೆ ಕಡಲ ರೀಲು ಕೊಟ್ಟವನು ಆಟೋ ಹೆನ್ಸೆ. ಜರ್ಮನಿಯಿಂದ ವಲಸೆ ಬಂದ ಈತ 1932ರಲ್ಲಿ, ಆರ್ಥಿಕ ಕುಸಿತ ತೀವ್ರವಾಗಿದ್ದಾಗ, ಫಿಲಡೆಲ್ಫಿಯಾದಲ್ಲಿ ಪೆನ್ ಕಂಪನಿ ಶುರು ಮಾಡಿದ. ಎಬೊನೈಟ್ ಬದಲು ಬೇಕಲೈಟ್, ಜರ್ಮನ್ ಸಿಲ್ವರ್ ಬದಲು ಕ್ರೋಮ್ ಲೇಪದ ಹಿತ್ತಾಳೆ. 1936ರಲ್ಲಿ ಬಂದ 'ಸೆನೆಟರ್' ಮಾದರಿ ದಶಕಗಳ ಕಾಲ ದೊಡ್ಡ ಬದಲಾವಣೆ ಇಲ್ಲದೆ ಬಾಳಿತು. ಪೆನ್ ರೀಲಿನ ಡಬ್ಬ ತೆರೆದರೆ ರೀಲಿನ ಜೊತೆ ಒಂದು ಸಣ್ಣ ಸ್ಪ್ಯಾನರ್, ಗ್ರೀಸು, ಮತ್ತು ಒಂದು ಕಾಗದ ಇರುತ್ತಿತ್ತು. ಆ ಕಾಗದದಲ್ಲಿ ರೀಲಿನ ಪ್ರತಿಯೊಂದು ಬಿಡಿಭಾಗದ ಚಿತ್ರ, ಅದರ ನಂಬರ್ ಸಮೇತ. ಸ್ಕ್ರೂ ಕಳೆದರೆ ಆ ಸ್ಕ್ರೂವಿನ ನಂಬರ್ ಹೇಳಿ ತರಿಸಿಕೊಳ್ಳಬಹುದು. ನನ್ನ ಕಣ್ಣಿಗೆ ಇದು ಸೋರ್ಸ್ ಕೋಡ್ ಜೊತೆಗೇ ಮಾರಿದ ಸಾಫ್ಟ್‌ವೇರ್! ಅಜ್ಜ ಕೊಂಡ ರೀಲನ್ನು ಮೊಮ್ಮಗ ಬಿಚ್ಚಿ ಜೋಡಿಸಿ ಬಳಸುತ್ತಿರುವ ಮನೆಗಳು ಅಮೆರಿಕದಲ್ಲಿ ಬೇಕಾದಷ್ಟಿವೆ ಅಂದ್ರೆ ಅದಕ್ಕೆ ಆ ಕಾಗದವೂ ಕಾರಣ.

1938ರಲ್ಲಿ ಡ್ಯುಪಾಂಟ್ ಕಂಪನಿ ನೈಲಾನ್ ಪ್ರಕಟಿಸಿತು. ಎರಡನೇ ಮಹಾಯುದ್ಧದ ನಂತರ ಗಾಳದ ದಾರವೂ ನೈಲಾನ್ ಆಯಿತು. ದಿನಾ ಸಂಜೆ ಬಿಚ್ಚಿ ಒಣಗಿಸುವ ಕಷ್ಟ ತಪ್ಪಿತು, ಆದರೆ ಹೊಸದೊಂದು ಕಷ್ಟ ಬಂತು. ನೈಲಾನ್ ರಬ್ಬರಿನಂತೆ ಸ್ವಲ್ಪ ಹಿಗ್ಗುತ್ತೆ. ಹಿಗ್ಗಿದ ಸ್ಥಿತಿಯಲ್ಲೇ ಸುತ್ತಿಕೊಂಡರೆ ಮತ್ತೆ ಕುಗ್ಗಲು ನೋಡುತ್ತಾ ಸ್ಪೂಲನ್ನು ಹಿಂಡುತ್ತೆ. ಒಂದು ಸುತ್ತಿನ ಹಿಂಡುವಿಕೆ ಏನೂ ಅಲ್ಲ, ಆದರೆ ನೂರಾರು ಸುತ್ತು ಸೇರಿದರೆ ಬೇಕಲೈಟ್ ಸ್ಪೂಲು ಸಿಡಿದೇ ಹೋಗುತ್ತಿತ್ತು. ಹಾಗಾಗಿ ಲೋಹದ ಸ್ಪೂಲುಗಳು ಬಂದವು. 1990ರ ದಶಕದಲ್ಲಿ ಹೆಣೆದ ಪಾಲಿಎಥಿಲಿನ್ ದಾರ ಬಂದಾಗ ಕಥೆ ಮತ್ತೆ ಬದಲಾಯಿತು. ಅದೇ ದಪ್ಪಕ್ಕೆ ಕೆಲವು ಪಟ್ಟು ಬಲ. ದಾರ ತುಂಡಾಗದಿದ್ದರೆ ಮುಂದೆ ಮುರಿಯುವುದು ರೀಲಿನ ಗೇರು, ಬಾಗುವುದು ರೀಲಿನ ಮೈ. ಇಂದಿನ ದುಬಾರಿ ರೀಲುಗಳು ಇಷ್ಟು ಗಟ್ಟಿಮುಟ್ಟಾಗಿರೋದಕ್ಕೆ ದಾರವೇ ಕಾರಣ.

ಇನ್ನು ಭಾವನಿಗೆ ಫೋಟೋ ಬಂದಿದ್ದ ಥರದ ರೀಲು. ಅದರ ವಂಶ ಬೇರೆ. 1905ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಬಟ್ಟೆ ಗಿರಣಿಯ ಕುಟುಂಬದ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಇದಕ್ಕೆ ಪೇಟೆಂಟ್ ಪಡೆದ. ಗಿರಣಿಯಲ್ಲಿ ದಾರ ಬಾಬಿನ್ನಿನ ತುದಿಯಿಂದ ಸುರುಳಿ ಸುರುಳಿಯಾಗಿ ಕಳಚುತ್ತೆ, ಬಾಬಿನ್ ತಿರುಗುವುದೇ ಇಲ್ಲ. ರೀಲೂ ಹಾಗಿದ್ದರೆ? ಎಸೆಯುವಾಗ ಸ್ಪೂಲು ಸುಮ್ಮನಿರುತ್ತೆ, ದಾರ ಸಿಕ್ಕಾಗುವ ಕಾಟ ಕಮ್ಮಿ, ಹೊಸಬರೂ ದೂರ ಎಸೆಯಬಹುದು. ಆದರೆ ವಾಪಸ್ ಸುತ್ತುವಾಗ ದಾರ ಒಂದು ಪುಟ್ಟ ಉರುಳೆಯ ಮೇಲೆ ಹಾದು 90 ಡಿಗ್ರಿ ತಿರುಗಬೇಕು. ಉಪ್ಪುನೀರಿನಲ್ಲಿ ನೆನೆದ ದಾರದಿಂದ ಪ್ರತಿ ಸುತ್ತಿಗೂ ಅದಕ್ಕೆ ಅಭಿಷೇಕ. ಇಂಥ ರೀಲಿನಲ್ಲಿ ಮೊದಲು ಕೆಡುವ ಜಾಗ ಸಾಮಾನ್ಯವಾಗಿ ಈ ಉರುಳೆಯ ಬೇರಿಂಗು.

ಈ ವಂಶವನ್ನು ಶಿಖರಕ್ಕೆ ಒಯ್ದವರು ಜಪಾನಿನವರು. ಒಸಾಕಾ ಪಕ್ಕದ ಸಕಾಯಿ ಊರು ಹಿಂದೆ ಬಂದೂಕಿಗೆ, ಚೂರಿ-ಕತ್ತಿಗೆ ಹೆಸರುವಾಸಿ. ಆ ಲೋಹದ ಕಸುಬೇ ಮುಂದೆ ಸೈಕಲ್ಲಿನತ್ತ ತಿರುಗಿತು. 1921ರಲ್ಲಿ ಅಲ್ಲಿ ಶೋಜಾಬುರೋ ಶಿಮಾನೋ ಒಂದು ಕಬ್ಬಿಣದ ಕಾರ್ಖಾನೆ ಇಟ್ಟ. ಅವರ ಮೊದಲ ದೊಡ್ಡ ಸರಕು ಸೈಕಲ್ಲಿನ ಫ್ರೀವೀಲ್. 1970ರಲ್ಲಿ ಅದೇ ಕಂಪನಿ ಮೀನುಗಾರಿಕೆಯ ಸಾಮಾನಿಗೂ ಬಂತು. ಫ್ರೀವೀಲ್ ಅಂದ್ರೆ ಒಂದು ಕಡೆ ತಿರುಗುವ, ಇನ್ನೊಂದು ಕಡೆ ಹಿಡಿದುಕೊಳ್ಳುವ ಚಕ್ರ. ಈಗಿನ ರೀಲಿನಲ್ಲಿ ಹಿಡಿ ಹಿಂದಕ್ಕೆ ತಿರುಗದಂತೆ ತಡೆಯುವುದೂ ಅದರ ದಾಯಾದಿಯೇ, ಒಂದೇ ದಿಕ್ಕಿಗೆ ತಿರುಗುವ ಬೇರಿಂಗ್.

ಕೊನೆಯ ಅಧ್ಯಾಯ ಉಪ್ಪನ್ನು ಒಳಗೇ ಬಿಡದಿರುವುದು. 1990ರ ದಶಕದಲ್ಲಿ ಅಮೆರಿಕದಲ್ಲಿ ವಾನ್ ಸ್ಟಾಲ್ ರೀಲು ಬಂತು. ನ್ಯೂಯಾರ್ಕ್ ಬಳಿಯ ಮೊಂಟಾಕ್‌ನಂಥ ಕಡೆ ಜನ ರಾತ್ರಿ ಹೊತ್ತು ಅಲೆಗಳ ನಡುವೆ ಬಂಡೆ ಏರಿ ನಿಂತು ಗಾಳ ಎಸೆಯುತ್ತಾರೆ, ಕೆಲವರು ಈಜಿಯೇ ಬಂಡೆಗೆ ಹೋಗುತ್ತಾರೆ. ರೀಲು ನೀರಿನೊಳಗೆ ಮುಳುಗಿದರೂ ನೀರು ಒಳಗೆ ಹೋಗದಂತೆ ರಬ್ಬರ್ ಸೀಲು ಹಾಕಿದ ಮೈ ಅದರದ್ದು. ಜಪಾನಿನ ಡೈವಾ ಕಂಪನಿ ಇನ್ನೊಂದು ದಾರಿ ಹಿಡಿಯಿತು. ಅಯಸ್ಕಾಂತಕ್ಕೆ ಅಂಟಿಕೊಳ್ಳುವ ಎಣ್ಣೆಯೇ ಅಲ್ಲಿ ಬಾಗಿಲು. ಇಂಥ ದ್ರವವನ್ನು 1963ರಲ್ಲಿ ನಾಸಾದ ಸ್ಟೀವ್ ಪಾಪೆಲ್ ರೂಪಿಸಿದ್ದು, ತೂಕವಿಲ್ಲದ ಜಾಗದಲ್ಲಿ ರಾಕೆಟ್ಟಿನ ಇಂಧನವನ್ನು ಅಯಸ್ಕಾಂತದಿಂದ ಎಳೆಯಲಿಕ್ಕೆ. ಮುಂದೆ ಹಾರ್ಡ್ ಡಿಸ್ಕುಗಳಲ್ಲಿ ಧೂಳು ತಡೆಯಲೂ ಇದು ಬಳಕೆಯಾಯಿತು. ನಮ್ಮ ಫೈಲುಗಳನ್ನು ಕಾದ ತಂತ್ರವೇ ರೀಲನ್ನೂ ಕಾಯುತ್ತಿದೆ!

ಈಗ ಆಯ್ಕೆಯ ಪ್ರಶ್ನೆ. ಇಷ್ಟು ಇತಿಹಾಸ ಓದಿದ ಮೇಲೆ ನನಗನ್ನಿಸಿದ್ದು: ಪ್ರತಿಯೊಂದು ಸುಧಾರಣೆಯೂ ಮಾಲೀಕನ ಕೈಯಲ್ಲಿದ್ದ ಒಂದು ಕೆಲಸವನ್ನು ಕಾರ್ಖಾನೆಗೆ ದಾಟಿಸಿದೆ. ಹೆಬ್ಬೆರಳಿನ ಕೆಲಸ ವಾಷರಿಗೆ ಹೋಯಿತು, ಸಂಜೆಯ ದಾರ ಒಣಗಿಸುವ ಕೆಲಸ ನೈಲಾನಿಗೆ, ಎಣ್ಣೆ ಬಿಡುವ ಕೆಲಸ ಸೀಲಿಗೆ. ದುಬಾರಿ ರೀಲಿನಲ್ಲಿ ನಾವು ಕೊಡುವ ದುಡ್ಡು ಆ ಕೆಲಸದ ಕೂಲಿ. ಆದರೆ ಸೀಲಿನ ವಿಷಯದಲ್ಲಿ ಕೆಲಸದ ಜೊತೆ ಅಧಿಕಾರವೂ ದಾಟಿಬಿಟ್ಟಿದೆ. ಅಯಸ್ಕಾಂತದ ಎಣ್ಣೆಯ ಭಾಗವನ್ನು ಮನೆಯಲ್ಲಿ ಬಿಚ್ಚಬಾರದು, ಕಂಪನಿಗೇ ಕಳಿಸಬೇಕು. ರಬ್ಬರ್ ಸೀಲಿನ ರೀಲು ಬಿಚ್ಚಲೂ ವಿಶೇಷ ಉಪಕರಣ ಬೇಕಾಗಬಹುದು. ಸೀಲು ಸವೆದ ದಿನ ಒಳಗೆ ಹೋದ ಉಪ್ಪುನೀರು ಅದೇ ಸೀಲಿನ ದೆಸೆಯಿಂದ ಹೊರಗೂ ಬರುವುದಿಲ್ಲ.

ಹಾಗಾಗಿ ನನ್ನ ಪಟ್ಟಿಯಲ್ಲಿ ಮೊದಲ ಪ್ರಶ್ನೆ: ಇದನ್ನು ಯಾರು ಬಿಚ್ಚಬಲ್ಲರು? ಬಿಡಿಭಾಗದ ನಕ್ಷೆ ಸಿಗುತ್ತಾ, ಹತ್ತು ವರ್ಷದ ಹಳೆಯ ಮಾದರಿಗೂ ಭಾಗಗಳು ಸಿಗುತ್ತವಾ? ಸರ್ವಿಸ್ ಮಾಡುವವರು ಹತ್ತಿರ ಇದ್ದರೆ, ರೀಲು ದಿನಾ ಅಲೆಗೆ ಸಿಗುವುದಿದ್ದರೆ ಸೀಲು ಹಾಕಿದ್ದೇ ಒಳ್ಳೆಯದು. ಇಲ್ಲದಿದ್ದರೆ ಬಿಚ್ಚಲು ಬರುವ ರೀಲೇ ವಾಸಿ. ಎರಡನೆಯದು ಡ್ರ್ಯಾಗು. ಅಂಗಡಿಯಲ್ಲಿ ದಾರವನ್ನು ಕೈಯಿಂದ ನಿಧಾನಕ್ಕೆ ಎಳೆದು ನೋಡಿ. ಜಾರಲು ಶುರುವಾಗುವ ಕ್ಷಣದಲ್ಲಿ ಕಚ್ಚಿದರೆ ಅದು ಎಷ್ಟೇ ಕಿಲೋದ ಡ್ರ್ಯಾಗಾದರೂ ಬೇಡ. ಮೂರನೆಯದು ಮೈ ಮತ್ತು ಗೇರು. ಭಾರ ಬಿದ್ದಾಗ ಬಾಗದ ಲೋಹದ ಮೈ ಇರಬೇಕು. ಬೇರಿಂಗ್ ಎಷ್ಟಿವೆ ಅನ್ನುವ ಸಂಖ್ಯೆಗೆ ಮರುಳಾಗಬೇಡಿ, ಒಂದೊಂದು ಬೇರಿಂಗೂ ತುಕ್ಕಿಗೆ ಇನ್ನೊಂದು ಮನೆ.

ಆರೈಕೆಗೆ ಬಂದರೆ ಪ್ರತಿ ನಿಯಮದ ಹಿಂದೆಯೂ ಮೇಲಿನ ಒಂದೊಂದು ಕಥೆ ಕಾಣುತ್ತೆ. ಮನೆಗೆ ಬಂದ ಕೂಡಲೇ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಮೆಲ್ಲಗೆ ಸುರಿದು ತೊಳೆಯಿರಿ. ಬಿಗಿ ಮಾಡೋದು ವಾಷರುಗಳ ನಡುವೆ ನೀರು ಹೋಗದಿರಲಿ ಅಂತ. ಪೈಪಿನಿಂದ ರಭಸವಾಗಿ ನೀರು ಹೊಡೆದರೆ ಹೊರಗಿನ ಉಪ್ಪನ್ನು ನಾವೇ ಒಳಗೆ ತಳ್ಳಿದಂತೆ. ಒಣಗಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲಿಸಿ ಇಡಿ, ಇಲ್ಲದಿದ್ದರೆ ವಾಷರುಗಳು ಒತ್ತಿಕೊಂಡು ಹಾಗೇ ಕೂತುಬಿಡುತ್ತವೆ. ಮಳೆಗಾಲಕ್ಕೆ ಎತ್ತಿಡುವ ಮುನ್ನವಂತೂ ತೊಳೆಯದೆ ಇಡಲೇಬೇಡಿ. ಕಲ್ಲುಪ್ಪಿನ ಭರಣಿ ಜುಲೈನಲ್ಲಿ ನೀರು ಬಿಡೋದು ನೋಡಿದ್ದೀರಲ್ಲ, ಅದರಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವ ಹೀರುತ್ತೆ. ರೀಲಿನೊಳಗೆ ಒಣಗಿ ಕೂತ ಉಪ್ಪೂ ಹಾಗೆಯೇ ಕಪಾಟಿನಲ್ಲೇ ನೀರಾಗಿ ಮತ್ತೆ ಬ್ಯಾಟರಿ ಚಾಲೂ ಮಾಡುತ್ತೆ.

ಗೇರಿಗೆ ಗ್ರೀಸು, ದಾರದ ಉರುಳೆಗೆ ತೆಳು ಎಣ್ಣೆ. ಒಂದೇ ದಿಕ್ಕಿಗೆ ತಿರುಗುವ ಆ ಬೇರಿಂಗಿಗೆ ಮಾತ್ರ ದಪ್ಪ ಗ್ರೀಸು ಸೋಕಿಸಬೇಡಿ. ಅದು ಜಾರಲು ಶುರುವಾದರೆ ಮೀನು ಎಳೆದಾಗ ಹಿಡಿ ಉಲ್ಟಾ ತಿರುಗುತ್ತೆ, 1898ರ ಗೆಣ್ಣು ಮುರುಕ ನಿಮ್ಮ ಕೈಯಲ್ಲೇ ಮರುಹುಟ್ಟು! ಡಬ್ಲ್ಯೂಡಿ-40 ಹೊಡೆದು ಎಲ್ಲ ಮುಗಿಯಿತು ಅಂದುಕೊಳ್ಳುವವರೂ ಇದ್ದಾರೆ. ಅದು ನೀರನ್ನು ಓಡಿಸಲು ಮಾಡಿದ ದ್ರವ, ಒಳಗಿರುವ ಗ್ರೀಸನ್ನೂ ತೊಳೆದು ಹಾಕುತ್ತೆ. ವರ್ಷಕ್ಕೊಮ್ಮೆ ಬಿಚ್ಚಿ, ಹಳೆ ಗ್ರೀಸು ಒರೆಸಿ ಹೊಸದು ಹಚ್ಚಿ, ಪ್ರತಿ ಸ್ಟೇನ್‌ಲೆಸ್ ಸ್ಕ್ರೂವಿಗೂ ಒಂದು ಚೂರು ಗ್ರೀಸು ಸವರಿಯೇ ಹಾಕಿ. ಎರಡು ಲೋಹಗಳ ನಡುವಿನ ಜಗಳಕ್ಕೆ ಅದೊಂದೇ ಮಧ್ಯಸ್ಥಿಕೆ. ಬಿಚ್ಚುವಾಗ ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಪೆನ್ ಕಂಪನಿಯ ಆ ಕಾಗದಕ್ಕೆ ಇವತ್ತಿನ ಬದಲಿ ಅದು.

1953ರಲ್ಲಿ ಪೆರು ದೇಶದ ಕಾಬೋ ಬ್ಲಾಂಕೋ ಕಡಲಲ್ಲಿ ಆಲ್ಫ್ರೆಡ್ ಗ್ಲಾಸೆಲ್ 1560 ಪೌಂಡಿನ, ಅಂದ್ರೆ 700 ಕಿಲೋ ದಾಟಿದ ಕಪ್ಪು ಮಾರ್ಲಿನ್ ಹಿಡಿದ. ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ. ಆಗ ಸೀಲು ಇರಲಿಲ್ಲ, ನಾಸಾದ ಎಣ್ಣೆಯೂ ಇರಲಿಲ್ಲ. ಇಂದಿನ ರೀಲುಗಳು ಎಲ್ಲ ರೀತಿಯಲ್ಲೂ ಉತ್ತಮವೇ, ಅದರಲ್ಲಿ ಸಂಶಯ ಇಲ್ಲ. ಆದರೆ ಕಡಲು ಎರಡು ಶತಮಾನದಲ್ಲಿ ಒಂದು ಗ್ರಾಂ ಉಪ್ಪನ್ನೂ ಕಮ್ಮಿ ಮಾಡಿಲ್ಲ. ಅದರ ಎದುರು ಬಾಳಿಕೆ ಬಂದ ರೀಲುಗಳು ಯಾರದೋ ಮನೆಯ ಮೇಜಿನ ಮೇಲೆ, ಹಳೆ ಪೇಪರ್ ಹಾಸಿಕೊಂಡು, ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿಸಿಕೊಂಡಂಥವು. ಕೊಳ್ಳುವ ಮುನ್ನ ಬೆಲೆ ಎಷ್ಟು ಅಂತ ಹೇಗೂ ಕೇಳ್ತೀವಿ, ಜೊತೆಗೆ ಸ್ಕ್ರೂಡ್ರೈವರ್ ಎಲ್ಲಿ ಹಾಕಬೇಕು ಅಂತಲೂ ಕೇಳೋಣ.